ಗೋಡೆಯಿಲ್ಲದ ಮನೆಯಲ್ಲಿ ಕೊಂಡಮ್ಮ

ಅಂಜನಪ್ಪ ತನ್ನ ಜೀವಮಾನದಲ್ಲಿ ಕೇಳಿದ್ದು ಒಂದೇ ಒಂದು ಉಪನ್ಯಾಸ. ಅದನ್ನೂ ಅರ್ಧಕ್ಕೆ ಬಿಟ್ಟು ಎದ್ದು ಬಂದ. ಪೂರ್ತಿ ಕೇಳಿದ್ದರೆ ಊರಿನ ಗಂಡಸರಿಗೆ ಇಷ್ಟೆಲ್ಲ ಕಷ್ಟ ಬರುತ್ತಿರಲಿಲ್ಲ. ಆದರೆ ಬಾಗಲೂರಿನ ಕಡೆಗೆ ಹೋಗುವ ಬಸ್ಸಿನ ಡ್ರೈವರನಿಗೆ ಇಪ್ಪತ್ತನೆಯ ಶತಮಾನದ ವಾಸ್ತುಶಿಲ್ಪದಲ್ಲಿ ಆಸಕ್ತಿ ಇರಲಿಲ್ಲ. ಅವನು ಹೊತ್ತಿಗೆ ಸರಿಯಾಗಿ ಹೊರಟುಬಿಡುತ್ತಿದ್ದ.

ಉಪನ್ಯಾಸ ಕೊಟ್ಟವಳು ಅಂಜನಪ್ಪನ ತಮ್ಮನ ಮಗಳು ಕಲ್ಪನಾ. ಹೊಸೂರಿನ ಆಚೆ ಒಂದು ಕಾಲೇಜಿನಲ್ಲಿ ಆರ್ಕಿಟೆಕ್ಚರ್ ಓದುತ್ತಿದ್ದಳು. ಕೊನೆಯ ವರ್ಷದವರು ಪರದೆಯ ಮೇಲೆ ಚಿತ್ರ ತೋರಿಸಿ ಮಾತಾಡುವ ದಿನ ಮನೆಯವರೂ ಬರಬೇಕಂತೆ. ಅವಳಪ್ಪನಿಗೆ ಫ್ಯಾಕ್ಟರಿಯಲ್ಲಿ ಶಿಫ್ಟು. "ದೊಡ್ಡಪ್ಪಾ, ನೀನಾದ್ರೂ ಬಾ" ಎಂದು ಕರೆದಳು. ಅಂಜನಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗಿ, ಪ್ರೊಫೆಸರುಗಳಿಗೆಂದು ಹಾಕಿದ್ದ ಮೊದಲನೆಯ ಸಾಲಿನ ಮೆತ್ತನೆಯ ಕುರ್ಚಿಯಲ್ಲಿ ಕೂತ. ಯಾರೂ ಎಬ್ಬಿಸಲಿಲ್ಲ. ಅಷ್ಟು ಗಂಭೀರವಾಗಿ ಕೂತಿದ್ದ.

ಪರದೆಯ ಮೇಲೆ ಮೊದಲು ಬಂದದ್ದು ಒಂದು ಕುರ್ಚಿ. ಕಬ್ಬಿಣದ ಪೈಪನ್ನು ಬಗ್ಗಿಸಿ, ನಡುವೆ ಪಟ್ಟಿ ಬಿಗಿದು ಮಾಡಿದ್ದು. ನೂರು ವರ್ಷಗಳ ಹಿಂದೆ ಜರ್ಮನಿಯಲ್ಲಿ ಒಬ್ಬಾತ ಸೈಕಲ್ಲಿನ ಹ್ಯಾಂಡಲ್ ನೋಡಿ, ಇದನ್ನು ಹೀಗೆ ಬಗ್ಗಿಸಬಹುದಾದರೆ ಕುರ್ಚಿಯನ್ನೇಕೆ ಹೀಗೆ ಮಾಡಬಾರದು ಎಂದುಕೊಂಡನಂತೆ. ಅಂಜನಪ್ಪ ನೆಟ್ಟಗೆ ಕೂತ. ಅವನು ರಿಟೈರಾಗುವ ತನಕ ಹೊಸೂರಿನ ಒಂದು ಕಾರ್ಖಾನೆಯಲ್ಲಿ ಮೊಪೆಡ್ಡುಗಳ ಹ್ಯಾಂಡಲ್ ಬಗ್ಗಿಸುವ ಮಿಷನ್ನಿನ ಮುಂದೆಯೇ ನಿಂತವನು. "ಲಕ್ಷಾಂತರ ಬಗ್ಸಿವ್ನಿ ಸಾರ್. ಒಂದಿನಾನೂ ಈ ಬುದ್ಧಿ ಬರ್ಲಿಲ್ಲ ನೋಡಿ" ಎಂದು ಪಕ್ಕದ ಪ್ರೊಫೆಸರರ ಬಳಿ ಪಶ್ಚಾತ್ತಾಪಪಟ್ಟ. ಅಲ್ಲಿಂದ ಮುಂದೆ ಆ ಪರದೆ ಏನು ತೋರಿಸಿದರೂ ನಂಬುವ ಸ್ಥಿತಿಗೆ ಅವನು ಬಂದುಬಿಟ್ಟಿದ್ದ.

ಆಮೇಲೆ ಬಂದದ್ದು ಮನೆ. ಅಮೆರಿಕದಲ್ಲಿ, ಒಂದು ಹೊಳೆಯ ದಂಡೆಯಲ್ಲಿ, ಒಬ್ಬ ಡಾಕ್ಟರಮ್ಮನಿಗೆಂದು ಕಟ್ಟಿದ್ದು. ಬಿಳಿ ಬಣ್ಣದ ಕಬ್ಬಿಣದ ಕಂಬಗಳು, ಮೇಲೆ ಚಪ್ಪಟೆ ಸೂರು, ಸುತ್ತ ನೆಲದಿಂದ ಸೂರಿನ ತನಕ ಬರೀ ಗಾಜು.

"ಈ ಮನೆಗೆ ಗೋಡೆಗಳೇ ಇಲ್ಲ," ಎಂದಳು ಕಲ್ಪನಾ. "ಹೊರಗಿರೋ ಮರಗಳೇ ಗೋಡೆ."

ಅಂಜನಪ್ಪ ಎದ್ದು ನಿಂತ. "ಗೋಡೆನೇ ಇಲ್ವಾ ಮಗಾ?"

"ಇಲ್ಲ ದೊಡ್ಡಪ್ಪಾ. ಕೂತ್ಕೋ."

ಅವನು ಕೂರಲಿಲ್ಲ. ಬಸ್ಸಿನ ಹೊತ್ತಾಗಿತ್ತು. ಕಲ್ಪನಾ "ಆದರೆ..." ಎನ್ನುತ್ತ ಮುಂದಿನ ಚಿತ್ರಕ್ಕೆ ಹೋಗುವಷ್ಟರಲ್ಲಿ ದೊಡ್ಡಪ್ಪ ಬಾಗಿಲು ದಾಟಿದ್ದ.

ಗೋಡೆಯಿಲ್ಲ ಎಂಬ ಮಾತಿಗೆ ಅವನು ಸೋತದ್ದಕ್ಕೆ ಕಾರಣವಿತ್ತು. ಅವನ ಹೆಂಡತಿ ಕೊಂಡಮ್ಮನಿಗೆ ಮಂಡಿಯ ಆಪರೇಷನ್ ಆಗಿತ್ತು. ಅದಕ್ಕೂ ಮುಂಚೆ ಅವಳು ಮನೆಯೊಳಗೆ ಇದ್ದದ್ದನ್ನು ಊರಿನವರು ಕಂಡೇ ಇರಲಿಲ್ಲ. ರಸ್ತೆ ಪಕ್ಕದ ಅವರ ಜಮೀನಿನಲ್ಲಿ ಪ್ಲಾಸ್ಟಿಕ್ ಹೊದಿಸಿದ ಗುಲಾಬಿ ಶೆಡ್ಡಿತ್ತು. ಬೆಳಗಾದರೆ ಅಲ್ಲಿ ಹೂ ಕತ್ತರಿಸುವುದು, ಕಟ್ಟು ಕಟ್ಟುವುದು, ರಸ್ತೆಯಲ್ಲಿ ಹೋಗುವ ಪ್ರತಿಯೊಬ್ಬರನ್ನೂ ನಿಲ್ಲಿಸಿ ಅವರ ಮನೆಯ ವಿಚಾರ ಕೇಳುವುದು, ಕೇಳದೆ ಇದ್ದರೂ ಬುದ್ಧಿ ಹೇಳುವುದು. ಅಂಜನಪ್ಪ ಅವಳನ್ನು "ಕೊಂಡೀ" ಎಂದು ಕರೆಯುತ್ತಿದ್ದ. ಚೇಳಿಗೆ ಇರುವುದೂ ಅದೇ ಅಲ್ಲವೇ ಎಂದು ಪಕ್ಕದ ಮನೆಯ ಆವುಲಪ್ಪ ಹೇಳುತ್ತಿದ್ದ, ಅವಳು ಹತ್ತಿರ ಇಲ್ಲದಾಗ.

ಆಪರೇಷನ್ ಚೆನ್ನಾಗಿಯೇ ಆಗಿತ್ತು. ಡಾಕ್ಟರು ನಾಲ್ಕು ಕಾಲಿನ ವಾಕರ್ ಕೊಟ್ಟು, ದಿನಾ ನಡೆಯಬೇಕು, ಇಲ್ಲದಿದ್ದರೆ ಕಾಲು ಹಾಗೇ ಬಿಗಿದುಕೊಳ್ಳುತ್ತದೆ ಎಂದಿದ್ದರು. ಆದರೆ ಊರೊಳಗಿನ ಹಳೇ ಮನೆಗೆ ಎತ್ತರದ ಮೆಟ್ಟಿಲು. ಒಳಗಿನ ಕೋಣೆಗೆ ಸೂರಿನ ಹತ್ತಿರ ಅಂಗೈಯಗಲದ ಕಿಟಕಿ. ಕೊಂಡಮ್ಮ ಒಂದು ಸಲ ಎದ್ದಳು, ಜಾರಿದಳು, ಹೆದರಿದಳು. ಮತ್ತೆ ಏಳಲಿಲ್ಲ. ವಾಕರಿನ ಮೇಲೆ ಟವೆಲ್ ಒಣಗುತ್ತಿತ್ತು.

"ನಾಕೆಜ್ಜೆ ನಡಿಯೇ," ಎಂದು ಅಂಜನಪ್ಪ ಗೋಗರೆದರೆ, "ಎಲ್ಲಿಗ್ ನಡೀಲಿ? ಈ ಗೋಡೆತಂಕ ಹೋಗಿ ಆ ಗೋಡೆತಂಕ ಬರ್ಲಾ?" ಎಂದು ಮಗ್ಗುಲು ತಿರುಗುತ್ತಿದ್ದಳು. ಯಾರ ಮನೆಯ ಸುದ್ದಿಯನ್ನೂ ಕೇಳುತ್ತಿರಲಿಲ್ಲ. ಅಂಜನಪ್ಪನಿಗೆ ಮಂಡಿಗಿಂತ ಅದೇ ಹೆಚ್ಚು ಭಯವಾಗಿತ್ತು.

ಅಂಥವನಿಗೆ ಗೋಡೆಯಿಲ್ಲದ ಮನೆ ಪರದೆಯ ಮೇಲೆ ಕಂಡರೆ ಅವನಾದರೂ ಏನು ಮಾಡಿಯಾನು?

ಗುಲಾಬಿ ಶೆಡ್ಡಿನ ಪಕ್ಕ, ರಸ್ತೆಗೆ ಮುಖವಾಗಿ ಕಬ್ಬಿಣದ ಕಂಬಗಳೆದ್ದವು. ಹೆಂಡತಿಗಾಗಿ ಕಟ್ಟಿಸುತ್ತಿದ್ದೇನೆ ಎಂದು ಊರಿನ ಗಂಡಸರ ಮುಂದೆ ಹೇಳುವುದಕ್ಕೆ ನಾಚಿಕೆ. ಆದ್ದರಿಂದ ಅಂಜನಪ್ಪ ಬೇರೆ ಹೇಳಿದ.

"ಏನಣ್ಣೋ ಇದು, ಪೆಟ್ರೋಲ್ ಬಂಕಾ?" ಎಂದ ಆವುಲಪ್ಪ.

"ಅಮೆರಿಕ ಡಿಸೈನು ಕಣ್ಲಾ. ಪ್ರಪಂಚದಾಗೇ ಫೇಮಸ್ಸು. ನಿಂಗೆ ಗೊತ್ತಾಗಕಿಲ್ಲ."

"ಗೋಡೆ ಯಾವಾಗ ಏಳ್ಸೋದು?"

"ಮರಗಳೇ ಗೋಡೆ," ಎಂದ ಅಂಜನಪ್ಪ. ಆವುಲಪ್ಪ ಸುತ್ತಲೂ ನೋಡಿದ. ಒಂದು ನುಗ್ಗೆಗಿಡ, ಒಂದು ಕರೆಂಟ್ ಕಂಬ. ನೆಟ್ಟಗೆ ಮನೆಗೆ ಹೋಗಿ, ಅಂಜನಣ್ಣನ ತಲೆಗೆ ಏನೋ ಆಗಿದೆ ಎಂದು ಹೆಂಡತಿ ಇಂದ್ರಮ್ಮನಿಗೆ ತಿಳಿಸಿದ.

ಗಾಜು ಹೊಸೂರಿನಿಂದ ಬಂತು. ಮುಚ್ಚಿಹೋದ ಯಾವುದೋ ಬೈಕ್ ಶೋರೂಮಿನ ಹಳೇ ಗಾಜು, ಆಳೆತ್ತರದವು. ಅದರಲ್ಲಿ ಒಂದರ ಮೇಲೆ ಕೆಂಪಕ್ಷರದ ತಮಿಳು ಬರಹ ಅಂಟಿಕೊಂಡಿತ್ತು: "ಸುಲಭ ಕಂತಿನಲ್ಲಿ ಇಂದೇ ಮನೆಗೆ ಕೊಂಡೊಯ್ಯಿರಿ." ಅಂಜನಪ್ಪ ಸೀಮೆಎಣ್ಣೆ ಹಾಕಿ ಉಜ್ಜಿದ, ಬ್ಲೇಡಿನಲ್ಲಿ ಕೆರೆದ. ಅಕ್ಷರಗಳು ಅಲುಗಲಿಲ್ಲ. ಅಮೆರಿಕದ ಮನೆ ನೆಲದಿಂದ ಮೇಲಕ್ಕೆ ಎದ್ದು ನಿಂತಿತ್ತು. ಕೊಂಡಮ್ಮನಿಗೆ ಮೆಟ್ಟಿಲಾಗದೆಂದು ಅಂಜನಪ್ಪ ಅದನ್ನು ನೆಲಕ್ಕೇ ಇಳಿಸಿದ. ವಾಸ್ತುಶಿಲ್ಪಕ್ಕೆ ಅವನು ಮಾಡಿದ ತಿದ್ದುಪಡಿ ಅದೊಂದೇ. ಬಚ್ಚಲಿಗೆ ಮಾತ್ರ ಹಿಂದುಗಡೆ ತಗಡು ಹೊಡೆಸಿದ್ದ. ಅಷ್ಟು ವಿವೇಕ ಉಳಿದಿತ್ತು.

ಹಾಲುಕ್ಕಿಸಿದ ದಿನ ನಾಲ್ಕು ಜನ ಸೇರಿ ಕೊಂಡಮ್ಮನನ್ನು ಕುರ್ಚಿಯ ಸಮೇತ ಎತ್ತಿ ತಂದು ಮಂಚದ ಮೇಲೆ ಕೂರಿಸಿದರು. ಅವಳು ನಾಲ್ಕೂ ಕಡೆ ನೋಡಿದಳು. ಹೊರಗೆ ನಿಂತಿದ್ದ ಇಡೀ ಊರು ಅವಳನ್ನು ನೋಡಿತು.

"ಏನಯ್ಯಾ," ಎಂದಳು ಕೊಂಡಮ್ಮ, "ನಾನೇನ್ ಬೇಕರಿ ಕೇಕಾ?"

"ಅಲ್ಲ ಕಣೇ ಕೊಂಡೀ, ಗೋಡೆ ಬೇಡ ಅಂದ್ಯಲ್ಲಾ..."

"ಗೋಡೆ ಬೇಡ ಅಂದ್ರೆ ಕಿಟಕಿ ಮಡುಗ್ತಾರೆ. ಅಂಗಡೀಲಿ ಮಡುಗ್ತಾರಾ?"

ಅವಳ ಮಂಚದ ಹಿಂದೆಯೇ ಕೆಂಪಕ್ಷರದ ಗಾಜಿತ್ತು. ಸುಲಭ ಕಂತಿನಲ್ಲಿ ಇಂದೇ ಮನೆಗೆ ಕೊಂಡೊಯ್ಯಿರಿ. ಯಾರೋ ಫೋಟೋ ತೆಗೆದು ವಾಟ್ಸಪ್ಪಿಗೆ ಹಾಕಿದರು. ಸಂಜೆಯೊಳಗೆ ಉದ್ದನಪಲ್ಲಿಗೆ ಕೊಟ್ಟಿದ್ದ ಮಗಳು ಜಯಂತಿ ಅಳುತ್ತ ಫೋನ್ ಮಾಡಿದಳು. "ಅಪ್ಪಾ, ಅಮ್ಮನ್ನ ಕಂತಿಗೆ ಹಾಕಿದ್ಯಂತೆ?"

ಮಾರನೆಯ ದಿನದಿಂದ ಗಿರಾಕಿಗಳು ಬರತೊಡಗಿದರು. ಒಬ್ಬ ಹುಡುಗ ಹೆಲ್ಮೆಟ್ ತೆಗೆದು, ಒಳಗೆಲ್ಲ ಕಣ್ಣಾಡಿಸಿ, "ಅಕ್ಕಾ, ಸ್ಕೂಟಿ ಬಂದಿದ್ಯಾ?" ಎಂದ. "ಬಂದೈತೆ, ಮಂಡಿ ಕೆಟ್ಟೈತೆ. ತಕೊಂಡೋಗ್ತೀಯಾ?" ಎಂದಳು ಕೊಂಡಮ್ಮ. ಆಮೇಲೆ ಕರೆಂಟ್ ಆಫೀಸಿನವನೊಬ್ಬ ಮೀಟರ್ ನೋಡಲು ಬಂದು ಸುತ್ತ ಒಂದು ಪ್ರದಕ್ಷಿಣೆ ಹಾಕಿದ.

"ಎನ್ನ ಕಡೈ ಸಾರ್ ಇದು?"

"ಅಂಗಡಿ ಅಲ್ಲ ಸಾರ್, ವೀಡು. ಮನೆ."

ಅವನು ಕೆಂಪಕ್ಷರ ಓದಿದ. ಮಂಚ ನೋಡಿದ. ಕೊಂಡಮ್ಮನನ್ನು ನೋಡಿದ. ಬಹಳ ಯೋಚಿಸಿ, "ಮಂಚದ ಶೋರೂಮಾ?" ಎಂದು ಕನ್ನಡದಲ್ಲೇ ಕೇಳಿದ. ಕೊಂಡಮ್ಮ ಎದ್ದು ಕೂತು ಮೂರು ಭಾಷೆಯಲ್ಲಿ ಉತ್ತರ ಕೊಟ್ಟ ಮೇಲೆ ಅವನು ಅದನ್ನು ಮನೆಯೆಂದೇ ಬರೆದುಕೊಂಡು ಹೋದ.

ಅಂದು ಮಧ್ಯಾಹ್ನ ಅವಳು ಟ್ರಂಕಿನಲ್ಲಿದ್ದ ಸೀರೆಗಳನ್ನೆಲ್ಲ ತೆಗೆಸಿ, ಗಾಜಿನುದ್ದಕ್ಕೂ ಹಗ್ಗ ಕಟ್ಟಿಸಿ, ಇಳಿಬಿಡಿಸಿದಳು. ಮರೆಯೇನೋ ಆಯಿತು. ಆದರೆ ಕೃಷ್ಣಗಿರಿ ಕಡೆಯ ಮದುವೆ ವ್ಯಾನೊಂದು ರಸ್ತೆಯಲ್ಲಿ ನಿಂತು, ಅದರೊಳಗಿನ ಹೆಂಗಸರೆಲ್ಲ ಇಳಿದರು. "ಆ ಮಾವಿನಹಣ್ಣಿನ ಬಣ್ಣದ್ದು ಎಷ್ಟಮ್ಮಾ?"

"ಅದು ನನ್ ಮಗಳ ಮದುವೇಗೆ ಉಟ್ಟಿದ್ದು ಕಣಮ್ಮೋ!"

"ಓಹೋ, ಸೆಕೆಂಡ್ ಹ್ಯಾಂಡಾ? ಅಂಗಾದ್ರೆ ಇಳಿಸ್ಕೊಡಿ."

ಆ ಸೀರೆಗಳ ಮರೆಯೂ ಹೆಚ್ಚು ದಿನ ನಿಲ್ಲಲಿಲ್ಲ. ಬೈಕ್ ಕೇಳುವವರೂ ಸೀರೆ ಕೇಳುವವರೂ ಕ್ರಮೇಣ ಕಡಿಮೆಯಾದರು. ಬಸ್ಸು ನಿಂತ ಸದ್ದಾದರೆ ಯಾರು ಇಳಿದರೆಂದು ತಿಳಿಯದೆ ಕೊಂಡಮ್ಮನಿಗೆ ಚಡಪಡಿಕೆ. ಮೊದಲು ಮಾವಿನಹಣ್ಣಿನ ಸೀರೆಯನ್ನು ಎರಡು ಬೆರಳಿನಷ್ಟು ಸರಿಸಿದಳು. ಮಾರನೇ ದಿನ ಒಂದು ಮೊಳ. ಇಂದ್ರಮ್ಮನ ತಂಗಿ ಯಾವ ಬ್ಯಾಗು ಹಿಡಿದು ಬಂದಳು, ಎಷ್ಟು ದಿನಕ್ಕೆ ಬಂದಿರಬಹುದು ಎಂಬುದೆಲ್ಲ ಗೊತ್ತಾಗಬೇಡವೇ? ಕೊನೆಗೆ ಸೀರೆಗಳೆಲ್ಲ ಟ್ರಂಕಿಗೆ ವಾಪಸಾದವು. ಬಿಸಿಲು ಹೆಚ್ಚಾದಾಗ ಅಂಜನಪ್ಪ ಗುಲಾಬಿಗೆ ಹಾಕುವ ಹಸಿರು ನೆಟ್ಟನ್ನೇ ಸೂರಿನ ಮೇಲೂ ಹೊದಿಸಿದ. ಕೊಂಡಮ್ಮ ಬೈಯುತ್ತಿದ್ದಳು, ಊಟ ಮಾಡುತ್ತಿದ್ದಳು, ಕಂಡವರಿಗೆಲ್ಲ ಕೈ ಬೀಸಿ ಕರೆಯುತ್ತಿದ್ದಳು. ಆದರೆ ಮಂಚ ಬಿಟ್ಟು ಏಳುತ್ತಿರಲಿಲ್ಲ. ವಾಕರಿನ ಮೇಲೆ ಈಗಲೂ ಟವೆಲ್ಲೇ.

ಊರಿನ ಗಂಡಸರ ಕಷ್ಟ ಶುರುವಾದದ್ದು ಇಲ್ಲಿಂದ.

ದೀಪ ಹಚ್ಚುವ ಹೊತ್ತಿಗೆ ಗುಲಾಬಿ ಶೆಡ್ಡುಗಳಿಂದ ಹೆಂಗಸರು ಕೆಲಸ ಮುಗಿಸಿ ಅದೇ ದಾರಿಯಲ್ಲಿ ಬರುತ್ತಿದ್ದರು. ಹೊರಗೆ ಮಬ್ಬು, ಒಳಗೆ ಟ್ಯೂಬ್‌ಲೈಟು. ಅಂಜನಪ್ಪ ಒಲೆಯ ಮುಂದೆ ಕೂತು ಮುದ್ದೆ ತೊಳಸುವುದು ಕಾಣುತ್ತಿತ್ತು. ಹೆಂಡತಿಯ ಮಂಡಿಗೆ ಎಣ್ಣೆ ನೀವುವುದು ಕಾಣುತ್ತಿತ್ತು. ಮಂಚದ ಹಿಂದೆ ನಿಂತು, ನಾಲಗೆಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು, ಅವಳ ನರೆತ ಕೂದಲನ್ನು ಬಾಚಿ ಜಡೆ ಹೆಣೆಯುವುದು ಕಾಣುತ್ತಿತ್ತು. ಹಳೇ ಮನೆಯಲ್ಲೂ ಇದೇ ಕೆಲಸ ಮಾಡುತ್ತಿದ್ದ. ಆಗ ಗೋಡೆಯಿತ್ತು, ಯಾರಿಗೂ ಗೊತ್ತಿರಲಿಲ್ಲ. ಹೆಂಗಸರು ತಲೆಯ ಮೇಲಿನ ಹುಲ್ಲಿನ ಹೊರೆಯನ್ನೂ ಇಳಿಸದೆ ನಿಂತು ನೋಡುತ್ತಿದ್ದರು. ಯಾರೂ ನಗುತ್ತಿರಲಿಲ್ಲ. ನೋಡಿ, ಮನೆಗೆ ಹೋಗಿ, ತಂತಮ್ಮ ಗಂಡಂದಿರನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡುತ್ತಿದ್ದರು. ಆ ನೋಟ ಬೈಗುಳಕ್ಕಿಂತ ಕಷ್ಟವಾಗಿತ್ತು ಎಂದು ಆವುಲಪ್ಪ ಆಮೇಲೆ ಹೇಳಿದ.

ಹೀಗಿರುವಾಗ ಪರೀಕ್ಷೆ ಮುಗಿಸಿದ ಕಲ್ಪನಾ ದೊಡ್ಡಮ್ಮನನ್ನು ನೋಡಲು ಬಂದಳು. ರಸ್ತೆಯಲ್ಲೇ ಗಾಡಿ ನಿಲ್ಲಿಸಿ ಬಾಯಿಗೆ ಕೈ ಇಟ್ಟುಕೊಂಡಳು.

"ದೊಡ್ಡಪ್ಪಾ! ನೀನು ಉಳಿದರ್ಧ ಕೇಳ್ಲೇ ಇಲ್ವಲ್ಲಾ!"

"ಉಳಿದರ್ಧ ಏನಿತ್ತು?"

"ಆ ಡಾಕ್ಟರಮ್ಮಂಗೆ ಆ ಮನೆ ಹಿಡಿಸ್ಲೇ ಇಲ್ಲ. ಎಲ್ಲಾರೂ ನೋಡ್ತಾರೆ, ಒಳಗೆ ನೆಮ್ಮದಿಯಾಗಿ ಇರಕ್ಕಾಗಲ್ಲ ಅಂದ್ರಂತೆ. ಕಟ್ಟಿದೋರಿಗೂ ಅವರಿಗೂ ಜಗಳ ಆಗಿ ಕೋರ್ಟಿಗೆ ಹೋಯ್ತು. ಹೊಳೆ ನೀರು ಬೇರೆ ನುಗ್ತು. ಕೊನೆಗೆ ಮಾರ್ಬುಟ್ರು."

ಅಂಜನಪ್ಪನ ಮುಖ ಕಳೆಗುಂದಿತು. ಮಂಚದ ಮೇಲಿಂದ ಕೊಂಡಮ್ಮ ಕೇಳಿದಳು, "ಕೋರ್ಟಿಗೋದ್ಲಾ ಆಯಮ್ಮ? ಒಳ್ಳೇ ಕೆಲ್ಸ ಮಾಡಿದ್ಲು. ಹೊಸೂರು ಕೋರ್ಟು ಎಲ್ಲೈತೆ ಮಗಾ?"

ಅವಳು ನಕ್ಕೇ ಹೇಳಿದ್ದು. ಆದರೆ ಅಂಜನಪ್ಪ ಅವಳ ಮುಖ ನೋಡುತ್ತಿರಲಿಲ್ಲ, ನೆಲ ನೋಡುತ್ತಿದ್ದ. ಅವತ್ತು ಅವನು ಸರಿಯಾಗಿ ಉಣ್ಣಲಿಲ್ಲ. ಪ್ರಪಂಚದ ಫೇಮಸ್ಸು ಮನೆಯಲ್ಲಿ ಒಬ್ಬ ಹೆಂಗಸಿಗೆ ನೆಮ್ಮದಿ ಸಿಗಲಿಲ್ಲವೆಂದರೆ ತಾನು ಎಷ್ಟರವನು? ಬೆಳಗ್ಗೆ ಎದ್ದವನೇ ಇಟ್ಟಿಗೆಗೆ ಹೇಳಿದ. ಹತ್ತು ಗಂಟೆಗೆ ಟ್ರ್ಯಾಕ್ಟರು ಬಂದು ಅಂಗಳದಲ್ಲಿ ಇಟ್ಟಿಗೆ ಸುರಿಯಿತು. ಕೊಂಡಮ್ಮ ಒಳಗಿನಿಂದ "ಯಾಕಯ್ಯಾ? ಯಾಕೆ?" ಎಂದು ಕೂಗಿದಳು. ಧೂಳು ಒಳಗೆ ಬರದಿರಲೆಂದು ಅಂಜನಪ್ಪ ಬಾಗಿಲು ಎಳೆದುಕೊಂಡಿದ್ದ. ಶೋರೂಮಿನ ದಪ್ಪ ಗಾಜು. ಬಾಗಿಲು ಹಾಕಿದ್ದರೆ ಒಳಗಿನ ಮಾತು ಹೊರಕ್ಕಿಲ್ಲ, ಹೊರಗಿನದು ಒಳಕ್ಕಿಲ್ಲ.

ಅದೇ ಹೊತ್ತಿಗೆ ಆವುಲಪ್ಪ ಇನ್ನಿಬ್ಬರು ಗಂಡಸರನ್ನು ಕಟ್ಟಿಕೊಂಡು ನ್ಯಾಯ ಕೇಳಲು ಬಂದ. ಇಟ್ಟಿಗೆಯ ಗುಡ್ಡೆ ಕಂಡು ಅವನ ಕಣ್ಣು ತುಂಬಿಬಂತು.

"ಗೋಡೆ ಹಾಕ್ತಿದ್ದೀಯಾ ಅಣ್ಣಾ? ಬದುಕಿಸ್ದೆ ಕಣೋ! ನಾನೂ ಅದ್ನೇ ಹೇಳಕ್ ಬಂದೆ."

"ನಿಂಗೇನ್ಲಾ ಆಗಿತ್ತು?"

"ಏನಾಗಿತ್ತಾ? ನಿನ್ನೆ ಇಂದ್ರಿ ನನ್ ಕೈಗೆ ಬಾಚಣಿಗೆ ಕೊಟ್ಟು, 'ಅಂಜನಣ್ಣ ಬಾಚಕಿಲ್ವಾ, ನೀನೂ ಬಾಚು' ಅಂದ್ಳು. ಬಾಚ್ದೆ. ಎಂಗೆ ಬಾಚ್ದೆ ಗೊತ್ತಾ? ಇಂಗೆ ಇಡ್ಕೊಂಡೆ..." ಎಂದು ಆವುಲಪ್ಪ ಅಂಜನಪ್ಪನ ಜುಟ್ಟನ್ನು ಗಟ್ಟಿಯಾಗಿ ಹಿಡಿದ. "ಇಂಗೆ ಎಳೆದೆ... ಸಿಕ್ಕು! ಅವ್ಳು ಅಯ್ಯೋ ಅಂತ ಕಿರುಚ್ತಾಳೆ, ನಾನು ಬುಡಕ್ಕಾಗದೆ ಇನ್ನೂ ಎಳೀತೀನಿ. ಇಂಗೆ!"

"ಬುಡ್ಲಾ, ನೋಯ್ತದೆ!"

"ಅವ್ಳೂ ಅಂಗೇ ಅಂದ್ಳು!" ಎಂದು ಆವುಲಪ್ಪ ಇನ್ನೊಂದು ಸಲ ಎಳೆದು ತೋರಿಸಿದ. ಜೊತೆಗೆ ಬಂದಿದ್ದ ಇಬ್ಬರೂ ತಮ್ಮ ತಮ್ಮ ಮನೆಯ ಸಿಕ್ಕುಗಳನ್ನು ವಿವರಿಸುತ್ತ ಕೈ ಬೀಸತೊಡಗಿದರು.

ಗಾಜಿನ ಒಳಗೆ ಕೂತವಳಿಗೆ ಒಂದು ಶಬ್ದವೂ ಕೇಳಿಸಲಿಲ್ಲ. ಕಂಡದ್ದು ಇಷ್ಟು: ಇಟ್ಟಿಗೆ ಗುಡ್ಡೆಯ ಪಕ್ಕ ಮೂವರು ಗಂಡಸರು ತನ್ನ ಗಂಡನನ್ನು ಸುತ್ತುವರಿದಿದ್ದಾರೆ. ಆವುಲಪ್ಪ ಅವನ ಜುಟ್ಟು ಹಿಡಿದು ಎಳೆದಾಡುತ್ತಿದ್ದಾನೆ. ಗಂಡ ಎರಡೂ ಕೈ ಮುಗಿಯುವವನಂತೆ ಮೇಲೆತ್ತಿದ್ದಾನೆ.

ಬಾಗಿಲು ದಡಾರನೆ ತೆರೆಯಿತು.

"ಬುಡ್ಲೋ ನನ್ ಗಂಡನ್ನ!"

ಎಲ್ಲರೂ ತಿರುಗಿದರು. ಹೊಸ್ತಿಲಾಚೆ ಅಂಗಳದಲ್ಲಿ ಕೊಂಡಮ್ಮ ನಿಂತಿದ್ದಳು. ಕೈಯಲ್ಲಿ ಮುದ್ದೆ ಕೋಲು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು. ಯಾರಾದರೂ ಏನಾದರೂ ಹೇಳುವ ಮೊದಲೇ ಅವಳು ಇನ್ನೂ ಮುಂದೆ ಬಂದು ಆವುಲಪ್ಪನ ಬೆನ್ನಿಗೆ ಒಂದು ಇಟ್ಟಳು. "ಕೇಳೋರಿಲ್ಲ ಅಂದ್ಕೊಂಡ್ಯೇನ್ಲಾ? ನಾನಿವ್ನಿ!"

ಆವುಲಪ್ಪ ಜುಟ್ಟು ಬಿಟ್ಟ. ಆದರೆ ಬೆನ್ನು ಉಜ್ಜಿಕೊಳ್ಳಲಿಲ್ಲ. ಬಾಯಿ ತೆರೆದು ಅವಳ ಕಾಲುಗಳನ್ನೇ ನೋಡುತ್ತಿದ್ದ. ಟ್ರ್ಯಾಕ್ಟರಿನವನು ಇಂಜಿನ್ ಆರಿಸಿದ.

"ಕೊಂಡೀ," ಎಂದ ಅಂಜನಪ್ಪ. ಅವನ ಕೂದಲು ಮೂರು ದಿಕ್ಕಿಗೆ ನಿಂತಿತ್ತು. "ಕೊಂಡೀ, ನಡ್ಕೊಂಡ್ ಬಂದ್ಯಲ್ಲೇ."

ಕೊಂಡಮ್ಮ ಬಗ್ಗಿ ತನ್ನ ಕಾಲು ನೋಡಿಕೊಂಡಳು. ಹಿಂದಿರುಗಿ ಮಂಚ ನೋಡಿದಳು. ಮಂಚದಿಂದ ಬಾಗಿಲಿನವರೆಗೆ ಗಾಜಿನ ಮೇಲೆ ಅವಳ ಅಂಗೈಯ ಗುರುತುಗಳು ಸಾಲಾಗಿ ಮೂಡಿದ್ದವು. ಒಮ್ಮೆಗೇ ಅವಳಿಗೆ ಹೆದರಿಕೆಯಾಯಿತು. ಹಿಡಿದುಕೊಳ್ಳಲು ಖಾಲಿ ಕೈ ಚಾಚಿದಳು. ಅಂಜನಪ್ಪ ಓಡಿಬಂದು ತೋಳು ಕೊಟ್ಟ. ಅವಳು ಅದನ್ನು ಹಿಡಿದುಕೊಂಡು, ಕೋಲನ್ನು ಆವುಲಪ್ಪನ ಕಡೆ ಚಾಚಿ, "ಮೊದ್ಲು ಇವ್ನು ಯಾಕೆ ಹೊಡೆದ ಹೇಳು," ಎಂದಳು.

ವಿಷಯ ತಿಳಿದ ಮೇಲೆ ಅವಳು ಇಟ್ಟಿಗೆ ಗುಡ್ಡೆಯ ಮೇಲೆಯೇ ಕೂತು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಬಹಳ ಹೊತ್ತು ನಕ್ಕಳು. ಗಂಡನೂ ನಕ್ಕ, ಅತ್ತದ್ದು ಕಾಣಬಾರದೆಂದು. ಆವುಲಪ್ಪ ಮಾತ್ರ ನಗಲಿಲ್ಲ. ಬೆನ್ನು ಈಗ ಉರಿಯತೊಡಗಿತ್ತು.

"ಇಟ್ಗೆ ವಾಪಸ್ ಕಳ್ಸಲಾ?" ಎಂದ ಅಂಜನಪ್ಪ.

"ಯಾಕೆ ಕಳ್ಸೋದು? ಹಿಂದ್ಗಡೆ ಒಂದು, ಆ ಕಡೆ ಒಂದು ಗೋಡೆ ಏಳ್ಸು. ಸೀರೆ ಬದಲಾಯ್ಸಕ್ಕಾದ್ರೂ ಜಾಗ ಬೇಡ್ವಾ? ರಸ್ತೆ ಕಡೆಗೂ ಶೆಡ್ ಕಡೆಗೂ ಗಾಜಿರ್ಲಿ." ಆಮೇಲೆ ಸೇರಿಸಿದಳು, "ನೀನು ಅಮಾಯಕ. ಯಾರ್ ಬಂದು ಯಾವಾಗ ಜುಟ್ಟು ಇಡ್ಕೊತಾರೋ. ಕಣ್ಣಾಕಿರ್ಬೇಕು."

ಹೀಗೆ ಅಮೆರಿಕದ ಮನೆಗೆ ಎರಡನೆಯ ತಿದ್ದುಪಡಿಯೂ ಆಯಿತು. ಕಲ್ಪನಾ ಬಂದು ಫೋಟೋ ತೆಗೆದುಕೊಂಡು ಹೋದಳು. ಕೊಂಡಮ್ಮ ವಾಕರಿನ ಮೇಲಿನ ಟವೆಲ್ ತೆಗೆದಳು. ದಿನಕ್ಕೊಂದಿಷ್ಟು ನಡೆದಳು: ಮೊದಲು ಶೆಡ್ಡಿನ ತನಕ, ಆಮೇಲೆ ಬಸ್ ನಿಲ್ಲುವ ಜಾಗದ ತನಕ.

ಒಂದು ಸಂಜೆ, ಆವುಲಪ್ಪನಿಗೆ ಕೋಲಿನಲ್ಲಿ ಬಾರಿಸಿದ್ದು ತಪ್ಪಾಯಿತು, ಮನೆಗೇ ಹೋಗಿ ಹೇಳಬೇಕು ಎಂದು ಹೊರಟಳು. ಒಂದು ಡಬ್ಬಿಯಲ್ಲಿ ಕಜ್ಜಾಯ ಹಿಡಿದು ಅಂಜನಪ್ಪನೂ ಜೊತೆಗೆ ಬಂದ. ಆವುಲಪ್ಪನದು ದಪ್ಪ ಮಣ್ಣಿನ ಗೋಡೆಯ ಹಳೇ ಮನೆ. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಆವುಲಪ್ಪ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಇಂದ್ರಮ್ಮನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ದೀಪದ ಬೆಳಕಿಗೆ ಹಿಡಿದು, ಉಸಿರು ಬಿಗಿಹಿಡಿದು ಮುಳ್ಳು ತೆಗೆಯುತ್ತಿದ್ದ. "ನೋಯ್ತದಾ?" ಎಂದ. "ಇಲ್ಲ," ಎಂದಳು ಇಂದ್ರಮ್ಮ. ನೋಯುತ್ತಿದ್ದದ್ದು ಅವಳ ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಅಂಜನಪ್ಪ "ಆವುಲಾ" ಎಂದು ಕರೆಯಲು ಬಾಯಿ ತೆರೆದ. ಕೊಂಡಮ್ಮ ಅವನ ರಟ್ಟೆ ಹಿಡಿದು ಪಕ್ಕಕ್ಕೆಳೆದಳು.

"ಸುಮ್ಕಿರು. ಅವ್ರು ಮುಗಿಸ್ಲಿ."

"ನಿಂಗೆ ನಿಂತ್ಕೊಳ್ಳಕ್ಕಾಯ್ತದಾ?"

"ಆಯ್ತದೆ," ಎಂದಳು ಕೊಂಡಮ್ಮ. ಇಬ್ಬರೂ ಬಾಗಿಲಿಗೆ ಬೆನ್ನು ಮಾಡಿ, ಬೀದಿಯ ಕಡೆ ನೋಡುತ್ತ ನಿಂತರು.